ಹೆಚ್ಚು ಮತ ಬಂದವರು ಸೋಲುವುದು ಯಾವ ಪ್ರಜಾಪ್ರಭುತ್ವ?

ಪ್ರಶ್ನೆ: ನನ್ನ ಮೊಮ್ಮಗ ನ್ಯೂಜೆರ್ಸಿಯಲ್ಲಿ ಹೈಸ್ಕೂಲು ಓದುತ್ತಿದ್ದಾನೆ. ಈ ವರ್ಷ ‘ಎಪಿ ಗವರ್ನಮೆಂಟ್’ ಎಂಬ ಕಾಲೇಜು ಮಟ್ಟದ ರಾಜ್ಯಶಾಸ್ತ್ರದ ವಿಷಯ ತೆಗೆದುಕೊಂಡಿದ್ದಾನೆ. ಫೋನು ಮಾಡಿದಾಗ, “ತಾತ, ಅಮೆರಿಕ ಡೆಮಾಕ್ರಸಿ ಅಲ್ಲ, ರಿಪಬ್ಲಿಕ್” ಅನ್ನುತ್ತಾನೆ. ಅವನ ಪಾಠದಲ್ಲಿ ಪ್ರಜಾಪ್ರಭುತ್ವಕ್ಕೆ ಮೂರು ಮಾದರಿಗಳಿವೆಯಂತೆ. ನನ್ನ ತಲೆಗೆ ಹೋಗದ್ದು ಒಂದೇ. 2016ರಲ್ಲಿ ಹೆಚ್ಚು ಮತ ಬಂದ ಹಿಲರಿ ಕ್ಲಿಂಟನ್ ಸೋತರು. ಜನರ ಒಪ್ಪಿಗೆಯೇ ಸರ್ಕಾರದ ಬುನಾದಿ ಎಂದು ಸಾರಿದ ದೇಶದಲ್ಲಿ ಇದು ಯಾವ ಸಿದ್ಧಾಂತ? ಅವನಿಗೆ ಏನೆಂದು ಉತ್ತರ ಹೇಳಲಿ?
— ಓದುಗರೊಬ್ಬರು, ಹಾಸನ

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ: ಅದು ಯಾವ ಸಿದ್ಧಾಂತವೂ ಅಲ್ಲ. ಅಮೆರಿಕದ ಆಡಳಿತ ವ್ಯವಸ್ಥೆಯಲ್ಲಿ ಮೂರು ಬೇರೆಬೇರೆ ಮೂಲದ ಸರಕು ಬೆರೆತುಹೋಗಿದೆ. ಕೆಲವು ನಿಜವಾಗಿ ತತ್ವದಿಂದ ಹುಟ್ಟಿದವು. ಕೆಲವು 1787ರಲ್ಲಿ ಸಂವಿಧಾನ ಬರೆದ ಫಿಲಡೆಲ್ಫಿಯದ ಸಭೆಯಲ್ಲಿ ರಾಜ್ಯರಾಜ್ಯಗಳು ಚೌಕಾಸಿ ಮಾಡಿ ಪಡೆದವು. ಇನ್ನು ಕೆಲವು ಸಂವಿಧಾನದಲ್ಲಿ ಎಲ್ಲೂ ಇಲ್ಲ. ಆಮೇಲೆ ರೂಢಿಯಾಗಿ, ಮಾಮೂಲು ಕಾಯ್ದೆಯಾಗಿ ಬಂದು ಕೂತವು. ಪಠ್ಯಪುಸ್ತಕಗಳು ಮೂರನ್ನೂ ‘ಸಂಸ್ಥಾಪಕರ ಆಶಯ’ ಎಂಬ ಒಂದೇ ಚೀಲಕ್ಕೆ ತುಂಬುತ್ತವೆ, ಗೊಂದಲ ಹುಟ್ಟುವುದೇ ಅಲ್ಲಿ. ಹಾಗಾಗಿ ಯಾವುದು ಯಾವ ರಾಶಿಯದು ಎಂದು ಬೇರ್ಪಡಿಸುತ್ತಾ ಹೋಗೋಣ.

ಮೊದಲು ತತ್ವ. 1776ರ ಜುಲೈ 4ರ ಸ್ವಾತಂತ್ರ್ಯ ಘೋಷಣೆಯ ಎರಡನೇ ಪ್ಯಾರಾದಲ್ಲಿ ಒಂದಕ್ಕೊಂದು ಹೆಣೆದ ಐದು ಮಾತುಗಳಿವೆ. ಮನುಷ್ಯರೆಲ್ಲ ಸಮಾನರು, ಯಾರೂ ಕಿತ್ತುಕೊಳ್ಳಲಾಗದ ಹಕ್ಕುಗಳು ಅವರಿಗೆ ಹುಟ್ಟಿನಿಂದಲೇ ಇವೆ, ಆ ಹಕ್ಕುಗಳನ್ನು ಕಾಪಾಡಲೆಂದೇ ಸರ್ಕಾರ ಇರುವುದು, ಅದರ ಅಧಿಕಾರ ಆಳಿಸಿಕೊಳ್ಳುವವರ ಒಪ್ಪಿಗೆಯಿಂದ ಬರುತ್ತದೆ, ಸರ್ಕಾರ ಆ ಕೆಲಸ ಕೆಡಿಸಿದರೆ ಅದನ್ನು ಬದಲಿಸುವ, ಕಿತ್ತುಹಾಕುವ ಹಕ್ಕು ಜನರಿಗಿದೆ. ಜೆಫರ್ಸನ್ ಬರೆದ ಈ ವಾದದ ಬೇರು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್‌ನಲ್ಲಿದೆ. ಸರ್ಕಾರ ದೇವರು ಕೊಟ್ಟದ್ದಲ್ಲ, ಜನ ತಮ್ಮೊಳಗೆ ಮಾಡಿಕೊಂಡ ಒಪ್ಪಂದ ಎಂಬುದು ಲಾಕ್‌ನ ನಿಲುವು. ಅವನು ಪ್ರಾಣ, ಸ್ವಾತಂತ್ರ್ಯ, ಆಸ್ತಿ ಎಂದಿದ್ದ. ಜೆಫರ್ಸನ್ ಆಸ್ತಿಯ ಜಾಗದಲ್ಲಿ ಸುಖವನ್ನು ಅರಸುವ ಹಕ್ಕನ್ನು ಇಟ್ಟ.

ಇಲ್ಲಿ ಒಂದು ಸೂಕ್ಷ್ಮವಿದೆ. ಘೋಷಣೆಯಲ್ಲಿ ‘ಒಪ್ಪಿಗೆ’ ಇದೆ, ‘ಬಹುಮತ’ ಇಲ್ಲ. ಜನರು ಅಧಿಕಾರದ ಮೂಲ ಎನ್ನುವುದು ಒಂದು ಮಾತು. ಪ್ರತಿ ತೀರ್ಮಾನವೂ ಬಹುಮತದಿಂದಲೇ ಆಗಬೇಕು ಎನ್ನುವುದು ಬೇರೆಯೇ ಮಾತು. ಅಮೆರಿಕ ಮೊದಲನೆಯದಕ್ಕೆ ಕಟ್ಟುಬಿತ್ತು, ಎರಡನೆಯದಕ್ಕೆ ಬೇಕೆಂದೇ ಕಟ್ಟುಬೀಳಲಿಲ್ಲ.

ಯಾಕೆ ಬೀಳಲಿಲ್ಲ ಎನ್ನುವುದಕ್ಕೆ ನಡುವಿನ ಹನ್ನೊಂದು ವರ್ಷ ನೋಡಬೇಕು. 1781ರಲ್ಲಿ ಜಾರಿಗೆ ಬಂದ ಮೊದಲ ಒಕ್ಕೂಟದ ಕರಾರಿನಲ್ಲಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳನ್ನು ಕೇಳಬೇಕು, ಕೊಟ್ಟರೆ ಉಂಟು. ಮುಖ್ಯ ಕಾನೂನುಗಳಿಗೆ 13ರಲ್ಲಿ 9 ರಾಜ್ಯಗಳ ಒಪ್ಪಿಗೆ ಬೇಕು, ಕರಾರನ್ನೇ ತಿದ್ದಲು ಹದಿಮೂರೂ ಒಪ್ಪಬೇಕು. ಆಮದಿನ ಮೇಲೆ ಶೇ 5 ಸುಂಕ ಹಾಕುವ ಪ್ರಸ್ತಾವ ಬಂದಾಗ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ ಬೇಡ ಎಂದಿತು, ಅದು ಅಲ್ಲಿಗೇ ಬಿತ್ತು. 1786ರಲ್ಲಿ ಪಶ್ಚಿಮ ಮ್ಯಾಸಚೂಸೆಟ್ಸ್‌ನ ಸಾಲಗಾರ ರೈತರು ಡೇನಿಯಲ್ ಶೇಸ್ ಮುಂದಾಳತ್ವದಲ್ಲಿ ಎದ್ದು, ಜಪ್ತಿ ಆದೇಶ ಕೊಡುತ್ತಿದ್ದ ಕೋರ್ಟುಗಳನ್ನು ಮುಚ್ಚಿಸಿದರು. ಸೈನ್ಯ ಕಳಿಸಲು ಕೇಂದ್ರದ ಬಳಿ ಹಣವಿರಲಿಲ್ಲ. ದಂಗೆಯನ್ನು ಅಡಗಿಸಲು ರಾಜ್ಯ ಕಟ್ಟಿದ ಪಡೆಗೆ ಮುಖ್ಯವಾಗಿ ವ್ಯಾಪಾರಿಗಳು ದುಡ್ಡು ಹಾಕಬೇಕಾಯಿತು. ಅದೇ ಹೊತ್ತಿಗೆ ರೋಡ್ ಐಲೆಂಡ್‌ನಲ್ಲಿ ಸಾಲಗಾರರ ಪರವಾದ ಶಾಸನಸಭೆ ಕಾಗದದ ಹಣ ಮುದ್ರಿಸಿ, ಸಾಲ ಕೊಟ್ಟವರು ಅದನ್ನು ತೆಗೆದುಕೊಳ್ಳಲೇಬೇಕೆಂದು ಕಾನೂನು ಮಾಡಿತು. ಫಿಲಡೆಲ್ಫಿಯಕ್ಕೆ ಬಂದ 55 ಪ್ರತಿನಿಧಿಗಳ ಮನಸ್ಸಿನಲ್ಲಿ ಎರಡು ಭಯಗಳಿದ್ದವು: ಕೈಲಾಗದ ಕೇಂದ್ರ, ಮತ್ತು ಅಂಕೆ ಮೀರಿದ ಬಹುಮತ. ಎರಡನೆಯ ಭಯದಲ್ಲಿ ತತ್ವ ಎಷ್ಟಿತ್ತೋ ಸಾಲ ಕೊಟ್ಟವರ ಹಿತಾಸಕ್ತಿಯೂ ಅಷ್ಟೇ ಇತ್ತು. ಇದನ್ನು ಮೊಮ್ಮಗನ ಪಠ್ಯ ಮೆಲ್ಲಗೆ ಹೇಳಬಹುದು, ನೀವು ಜೋರಾಗಿಯೇ ಹೇಳಿ.

ಇನ್ನು ಅವನು ಹೇಳುವ ‘ರಿಪಬ್ಲಿಕ್’. ಆ ಮಾತು ಸಂವಿಧಾನ ರಚನೆಯಲ್ಲಿ ಮುಂಚೂಣಿಯಲ್ಲಿದ್ದ ಮ್ಯಾಡಿಸನ್ ಬರೆದ ಫೆಡರಲಿಸ್ಟ್ 10ನೇ ಲೇಖನದಿಂದ ಬರುತ್ತದೆ. ಹೊಸ ಸಂವಿಧಾನವನ್ನು ನ್ಯೂಯಾರ್ಕಿನ ಜನ ಒಪ್ಪುವಂತೆ ಮಾಡಲು ಹ್ಯಾಮಿಲ್ಟನ್, ಮ್ಯಾಡಿಸನ್ ಮತ್ತು ಜೇ ‘ಪಬ್ಲಿಯಸ್’ ಎಂಬ ಹೆಸರಿನಲ್ಲಿ ಪತ್ರಿಕೆಗಳಿಗೆ ಬರೆದ 85 ಲೇಖನಗಳಲ್ಲಿ ಅದೂ ಒಂದು. ಪ್ರಕಟವಾದದ್ದು 1787ರ ನವೆಂಬರ್ 22. ಅಲ್ಲಿ ಮ್ಯಾಡಿಸನ್ ಹೋಲಿಸುವುದು ಎರಡು ವ್ಯವಸ್ಥೆಗಳನ್ನು: ಜನರೇ ಒಂದೆಡೆ ಸೇರಿ ಕಾನೂನು ಮಾಡುವುದು, ಮತ್ತು ಜನ ಆರಿಸಿದ ಕೆಲವರು ಮಾಡುವುದು. ಮೊದಲನೆಯದನ್ನಷ್ಟೇ ಅವನು ಡೆಮಾಕ್ರಸಿ ಎಂದು ಕರೆಯುತ್ತಾನೆ. ಆ ಅರ್ಥದಲ್ಲಿ ಇವತ್ತಿನ ಭಾರತವೂ ಡೆಮಾಕ್ರಸಿ ಅಲ್ಲ, ಬ್ರಿಟನ್ನೂ ಅಲ್ಲ. ಹುಡುಗ ಹೇಳುವುದು ಸುಳ್ಳಲ್ಲ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. 2016ರ ಫಲಿತಾಂಶ ಸರಿಯೆಂದು ತೋರಿಸಲು ಆ ವಾಕ್ಯ ಎಳೆದು ತಂದರೆ ಅಲ್ಲೇ ತಡೆಯಿರಿ. ಪ್ರತಿನಿಧಿಗಳ ಮೂಲಕ ಆಳುವುದಕ್ಕೂ ಕಡಿಮೆ ಮತ ಬಂದವರು ಗೆಲ್ಲುವುದಕ್ಕೂ ಸಂಬಂಧವಿಲ್ಲ.

ಆ ಲೇಖನದ ತಿರುಳು ಬಣಗಳ ಬಗ್ಗೆ. ಬೇರೆಯವರ ಹಕ್ಕಿಗೋ ಎಲ್ಲರ ಹಿತಕ್ಕೋ ಧಕ್ಕೆ ತರುವ ಒಂದು ಆಸಕ್ತಿಯ ಸುತ್ತ ಒಂದಾದ ಗುಂಪನ್ನು ಅವನು ಬಣ ಎನ್ನುತ್ತಾನೆ. ಅದು ಅಲ್ಪಸಂಖ್ಯಾತರದೂ ಆಗಬಹುದು, ಬಹುಸಂಖ್ಯಾತರದೂ ಆಗಬಹುದು. ಬಣಗಳು ಹುಟ್ಟದಂತೆ ಮಾಡಬೇಕಾದರೆ ಸ್ವಾತಂತ್ರ್ಯ ಕಿತ್ತುಕೊಳ್ಳಬೇಕು, ಇಲ್ಲವೇ ಎಲ್ಲರಿಗೂ ಒಂದೇ ಅಭಿಪ್ರಾಯ ಬರಿಸಬೇಕು. ಮೊದಲನೆಯದು ರೋಗಕ್ಕಿಂತ ಕೆಟ್ಟ ಔಷಧಿ, ಎರಡನೆಯದು ಆಗದ ಕೆಲಸ. ಬಣ ಹುಟ್ಟಲು ಬಹುಕಾಲದಿಂದ ಬಂದ, ಎಲ್ಲೆಲ್ಲೂ ಕಾಣುವ ಕಾರಣ ಆಸ್ತಿಯ ಅಸಮಾನ ಹಂಚಿಕೆ ಎಂದೂ ಅವನೇ ಬರೆಯುತ್ತಾನೆ. ಹಾಗಾದರೆ ಉಳಿದ ದಾರಿ ಬಣಗಳ ದುಷ್ಪರಿಣಾಮ ತಡೆಯುವುದು. ಸಣ್ಣ ಬಣವನ್ನು ಮತದಾನವೇ ಸೋಲಿಸುತ್ತದೆ. ದೊಡ್ಡ ಬಣಕ್ಕೆ ಮದ್ದು ದೊಡ್ಡ ದೇಶ: ಹರವು ಹೆಚ್ಚಿದಷ್ಟೂ ಬಣಗಳ ಸಂಖ್ಯೆ ಹೆಚ್ಚುತ್ತದೆ, ಒಂದೇ ಬಣ ಇಡೀ ದೇಶವನ್ನು ಹಿಡಿಯುವುದು ಕಷ್ಟವಾಗುತ್ತದೆ; ಜತೆಗೆ ಆರಿಸಿ ಬಂದವರು ಜನಾಭಿಪ್ರಾಯವನ್ನು ಜರಡಿ ಹಿಡಿಯುತ್ತಾರೆ.

ಹೊಸ ಸಂವಿಧಾನ ಬೇಡವೆನ್ನುವವರ ಎದುರುವಾದ ಒಂದು ತಿಂಗಳು ಮೊದಲೇ, ಅಕ್ಟೋಬರ್ 18ರಂದು, ‘ಬ್ರೂಟಸ್’ ಎಂಬ ಗುಪ್ತನಾಮದಲ್ಲಿ ಬಂದಿತ್ತು. ವಿದ್ಯಾರ್ಥಿಗಳು ಇಲ್ಲಿ ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಬ್ರೂಟಸ್ ಪ್ರತಿನಿಧಿ ಪದ್ಧತಿಯನ್ನೇ ವಿರೋಧಿಸಿದ ಎಂದು ಬರೆಯುವುದು. ಇಲ್ಲ. ಅವನ ತಕರಾರು ಗಾತ್ರದ ಮೇಲೆ. ಅಷ್ಟು ದೊಡ್ಡ ದೇಶದಲ್ಲಿ ಪ್ರತಿನಿಧಿಗೆ ಜನರ ಪರಿಚಯವಿರುವುದಿಲ್ಲ, ಜನರಿಗೆ ಅವನ ಮೇಲೆ ಹಿಡಿತವಿರುವುದಿಲ್ಲ. ‘ಅಗತ್ಯ ಮತ್ತು ಯುಕ್ತ’ ಕಾನೂನು ಮಾಡಬಹುದೆಂಬ ಕಲಮು ಮತ್ತು ಕೇಂದ್ರದ ಕಾನೂನೇ ಮೇಲು ಎನ್ನುವ ಕಲಮು ಸೇರಿ ರಾಜ್ಯಗಳನ್ನು ನುಂಗಿಹಾಕುತ್ತವೆ ಎಂಬುದು ಅವನ ವಾದ. 1789ರ ಮೊದಲ ಪ್ರತಿನಿಧಿ ಸಭೆಗೆ ಸಂವಿಧಾನ ನಿಗದಿ ಮಾಡಿದ್ದು 65 ಸ್ಥಾನ. ಈಗ 435 ಇದೆ, ಆದರೆ 2020ರ ಜನಗಣತಿಯ ಪ್ರಕಾರ ಒಬ್ಬೊಬ್ಬರ ಪಾಲಿಗೆ ಸುಮಾರು 7.6 ಲಕ್ಷ ಜನ. ಪರಿಚಯದ ವಿಷಯದಲ್ಲಿ ಬ್ರೂಟಸ್ ಗೆದ್ದ ಅನ್ನಬಹುದು. ವ್ಯಕ್ತಿಯ ಹಕ್ಕುಗಳ ಪಟ್ಟಿಯೇ ಇಲ್ಲ ಎಂದು ಅವನ ಕಡೆಯವರು ಹಿಡಿದ ಪಟ್ಟಿನ ಫಲವಾಗಿ 1791ರಲ್ಲಿ ಮೊದಲ ಹತ್ತು ತಿದ್ದುಪಡಿಗಳು ಬಂದವು. ಸೋತ ಪಕ್ಷ ಬಿಟ್ಟುಹೋದ ಕೊಡುಗೆ ಅದು.

ಅಧಿಕಾರವನ್ನು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಮೂರಾಗಿ ಒಡೆಯುವ ಯೋಚನೆ ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂನದು. ಒಡೆದರಷ್ಟೇ ಸಾಲದು, ಒಂದು ಇನ್ನೊಂದರ ಕೈ ತಡೆಯುವಂತಿರಬೇಕು ಎನ್ನುವುದು ಫೆಡರಲಿಸ್ಟ್ 51ರಲ್ಲಿ ಮ್ಯಾಡಿಸನ್ ಸೇರಿಸಿದ ಮಾತು. ಅಧಿಕಾರದಲ್ಲಿರುವವರ ಒಳ್ಳೆಯತನವನ್ನು ಅವನು ನೆಚ್ಚುವುದಿಲ್ಲ. ಒಬ್ಬನ ಮಹತ್ವಾಕಾಂಕ್ಷೆಗೆ ಇನ್ನೊಬ್ಬನದನ್ನು ಎದುರು ನಿಲ್ಲಿಸುತ್ತಾನೆ. ಮಸೂದೆ ಪ್ರತಿನಿಧಿ ಸಭೆ, ಸೆನೆಟ್ ಎರಡೂ ಸದನ ದಾಟಬೇಕು. ಅಧ್ಯಕ್ಷರು ತಡೆದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಸಂವಿಧಾನ ತಿದ್ದಲು ಎರಡೂ ಸದನಗಳ ಮೂರನೇ ಎರಡು, ಮೇಲೆ ರಾಜ್ಯಗಳ ನಾಲ್ಕನೇ ಮೂರು, ಅಂದರೆ ಇವತ್ತಿಗೆ 38 ರಾಜ್ಯ. ಈವರೆಗೆ ದಾಟಿದ್ದು 27 ತಿದ್ದುಪಡಿಗಳು ಮಾತ್ರ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ನಮ್ಮಲ್ಲಿ ಲೋಕಸಭೆ ಬಜೆಟ್ಟನ್ನು ತಿರಸ್ಕರಿಸಿದರೆ ಸರ್ಕಾರವೇ ಬೀಳುತ್ತದೆ, ಬಿಕ್ಕಟ್ಟು ಅಲ್ಲಿಗೆ ಮುಗಿಯುತ್ತದೆ. ಅಮೆರಿಕದಲ್ಲಿ ಕಾಂಗ್ರೆಸ್ಸೂ (ಎರಡೂ ಸದನ ಸೇರಿದ ಅಲ್ಲಿನ ಸಂಸತ್ತು) ಅಧ್ಯಕ್ಷರೂ ಬೇರೆಬೇರೆಯಾಗಿ ಆರಿಸಿ ಬಂದವರು, ಅವಧಿ ಮುಗಿಯುವವರೆಗೆ ಒಬ್ಬರು ಇನ್ನೊಬ್ಬರನ್ನು ಮನೆಗೆ ಕಳಿಸಿ ಚುನಾವಣೆ ನಡೆಸುವಂತಿಲ್ಲ. ಖರ್ಚಿನ ಮಸೂದೆಗೆ ಒಪ್ಪಂದವಾಗದಿದ್ದರೆ ಕಚೇರಿಗಳು ಬಾಗಿಲು ಹಾಕುತ್ತವೆ. 2018ರ ಡಿಸೆಂಬರ್ 22ರಿಂದ 2019ರ ಜನವರಿ 25ರವರೆಗೆ 35 ದಿನ ಹಾಗೆ ಆಯಿತು. ಯಂತ್ರ ಕೆಟ್ಟು ನಿಂತದ್ದಲ್ಲ ಅದು, ಯಂತ್ರ ಮಾಡಿದ್ದೇ ಹಾಗೆ.

ಈಗ ಎರಡನೇ ರಾಶಿ, ಚೌಕಾಸಿ. ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಎರಡೇ ಸ್ಥಾನ. 2020ರಲ್ಲಿ ವಯೋಮಿಂಗ್‌ನ ಜನಸಂಖ್ಯೆ ಸುಮಾರು 5.77 ಲಕ್ಷ, ಕ್ಯಾಲಿಫೋರ್ನಿಯದ್ದು ಸುಮಾರು 3.95 ಕೋಟಿ, ಸೆನೆಟ್‌ನಲ್ಲಿ ಇಬ್ಬರೂ ಸಮ. ಮ್ಯಾಡಿಸನ್ ಇದನ್ನು ಬಯಸಿರಲಿಲ್ಲ. ಎರಡೂ ಸದನ ಜನಸಂಖ್ಯೆಯ ಮೇಲೇ ನಿಲ್ಲಬೇಕೆಂಬುದು ಅವನ ವರ್ಜೀನಿಯ ಯೋಜನೆ. ಸಣ್ಣ ರಾಜ್ಯಗಳು ಎದ್ದುಹೋಗುವ ಬೆದರಿಕೆ ಹಾಕಿದ್ದರಿಂದ ಕನೆಕ್ಟಿಕಟ್ ಪ್ರತಿನಿಧಿಗಳ ಮಧ್ಯಸ್ಥಿಕೆಯಲ್ಲಿ ಒಂದು ಸದನ ಜನಸಂಖ್ಯೆಗೆ, ಒಂದು ರಾಜ್ಯಗಳಿಗೆ ಎಂದಾಯಿತು. ಯಾವುದೇ ರಾಜ್ಯದ ಒಪ್ಪಿಗೆಯಿಲ್ಲದೆ ಅದರ ಸೆನೆಟ್ ಸಮಾನತೆ ತೆಗೆಯುವಂತಿಲ್ಲ ಎಂದು ತಿದ್ದುಪಡಿಯ ವಿಧಿಯಲ್ಲೇ ಬರೆದುಬಿಟ್ಟಿದ್ದಾರೆ.

ಇನ್ನೊಂದು ಚೌಕಾಸಿ ಕ್ರೂರವಾದದ್ದು. ಗುಲಾಮರಿಗೆ ಮತವಿಲ್ಲ, ಆದರೆ ಪ್ರತಿನಿಧಿ ಸಭೆಯ ಸ್ಥಾನ ಹಂಚುವಾಗ ಅವರನ್ನು ಐದಕ್ಕೆ ಮೂರರಂತೆ ಲೆಕ್ಕಕ್ಕೆ ಹಿಡಿಯಬೇಕು ಎಂದು ದಕ್ಷಿಣದ ರಾಜ್ಯಗಳು ಪಡೆದುಕೊಂಡವು. ನೀವು ಕೇಳಿದ 2016ರ ಫಲಿತಾಂಶಕ್ಕೆ ಕಾರಣವಾದ ಎಲೆಕ್ಟೋರಲ್ ಕಾಲೇಜಿನ, ಅಂದರೆ ಜನರ ಬದಲು ಅಧ್ಯಕ್ಷರನ್ನು ಆರಿಸುವ ಎಲೆಕ್ಟರುಗಳ ಮಂಡಳಿಯ, ಒಂದು ಬೇರು ಇಲ್ಲಿದೆ. ಅಧ್ಯಕ್ಷರನ್ನು ಜನರೇ ನೇರ ಆರಿಸಲಿ ಎಂದು ಪೆನ್ಸಿಲ್ವೇನಿಯದ ಜೇಮ್ಸ್ ವಿಲ್ಸನ್ ಸಭೆಯಲ್ಲಿ ಸೂಚಿಸಿದ್ದ. ಜನರ ಆಯ್ಕೆಯೇ ಒಳ್ಳೆಯದು, ಆದರೆ ಗುಲಾಮರಿಗೆ ಮತವಿಲ್ಲದ ಕಾರಣ ದಕ್ಷಿಣಕ್ಕೆ ಅದರಲ್ಲಿ ಬಲ ಸಿಗದು ಎಂದು ಮ್ಯಾಡಿಸನ್ ಹೇಳಿದ್ದು ಜುಲೈ 19ರ ಟಿಪ್ಪಣಿಯಲ್ಲಿ ದಾಖಲಾಗಿದೆ. ಕೊನೆಗೆ ಪ್ರತಿ ರಾಜ್ಯಕ್ಕೂ ಅದರ ಪ್ರತಿನಿಧಿಗಳು ಮತ್ತು ಸೆನೆಟರುಗಳ ಮೊತ್ತದಷ್ಟು ಎಲೆಕ್ಟರುಗಳು ಎಂದಾಯಿತು. ಹೀಗೆ ಐದಕ್ಕೆ ಮೂರರ ಲೆಕ್ಕ ಅಧ್ಯಕ್ಷರ ಆಯ್ಕೆಯೊಳಗೂ ನುಸುಳಿತು. ಅಷ್ಟು ದೂರದ ಅಭ್ಯರ್ಥಿಗಳನ್ನು ಜನ ಅರಿಯಲಾರರು, ವಿವೇಕಿಗಳು ಅಳೆದು ತೂಗಲಿ ಎಂಬ ವಾದವೂ ಇತ್ತು, ನಿಜ. ಆದರೆ ಪಕ್ಷಗಳು ಹುಟ್ಟಿದ ಮೇಲೆ ಎಲೆಕ್ಟರುಗಳು ಅಳೆಯುವುದನ್ನು ಬಿಟ್ಟು ಪಕ್ಷ ಹೇಳಿದವರಿಗೆ ಮತ ಹಾಕತೊಡಗಿದರು. ಹಾಗೆ ಹಾಕಲೇಬೇಕೆಂದು ರಾಜ್ಯಗಳು ಕಟ್ಟಳೆ ಮಾಡಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು.

ಈಗ ಒಟ್ಟು ಎಲೆಕ್ಟರುಗಳು 538: ಪ್ರತಿನಿಧಿ ಸಭೆಯ ಲೆಕ್ಕದಲ್ಲಿ 435, ಸೆನೆಟ್‌ನ ಲೆಕ್ಕದಲ್ಲಿ 100, ಜತೆಗೆ 1961ರ ತಿದ್ದುಪಡಿಯಿಂದ ರಾಜಧಾನಿ ವಾಷಿಂಗ್ಟನ್‌ಗೆ 3. ಗೆಲ್ಲಲು 270. ಇಲ್ಲಿಯೇ ಮೂರನೇ ರಾಶಿ ಬರುತ್ತದೆ. ರಾಜ್ಯದಲ್ಲಿ ಒಂದು ಮತ ಹೆಚ್ಚು ಬಂದರೂ ಅಲ್ಲಿನ ಎಲೆಕ್ಟರುಗಳೆಲ್ಲ ಗೆದ್ದವರಿಗೇ ಎನ್ನುವ ನಿಯಮ ಸಂವಿಧಾನದಲ್ಲಿಲ್ಲ. ಎಲೆಕ್ಟರುಗಳನ್ನು ಹೇಗೆ ನೇಮಿಸಬೇಕೆನ್ನುವುದನ್ನು ರಾಜ್ಯದ ಶಾಸನಸಭೆಗೆ ಬಿಟ್ಟಿದೆ. ಮೊದಮೊದಲು ಹಲವು ಕಡೆ ಶಾಸಕರೇ ನೇಮಿಸುತ್ತಿದ್ದರು. ಸೌತ್ ಕ್ಯಾರೊಲಿನದಲ್ಲಿ 1860ರವರೆಗೂ ಹಾಗೇ ನಡೆಯಿತು. ತಮ್ಮ ಪಕ್ಷಕ್ಕೆ ಪೂರ್ತಿ ಲಾಭವಾಗಲೆಂದು ಒಂದೊಂದೇ ರಾಜ್ಯ ‘ಗೆದ್ದವರಿಗೆ ಎಲ್ಲವೂ’ ಪದ್ಧತಿಗೆ ಬಂತು, ಉಳಿದವು ಹಿಂದೆಬಿದ್ದವು. ಈಗ 48 ರಾಜ್ಯಗಳಲ್ಲಿ ಅದೇ. ಮೇನ್ ಮತ್ತು ನೆಬ್ರಾಸ್ಕ ಕ್ಷೇತ್ರವಾರು ಹಂಚುತ್ತವೆ. ಕಡಿಮೆ ಮತದ ಗೆಲುವಿಗೆ ಸಣ್ಣ ರಾಜ್ಯಗಳಿಗಿರುವ ಹೆಚ್ಚುವರಿ ತೂಕವೇ ಕಾರಣ ಎಂದು ಬಹಳ ಜನ ತಿಳಿದಿದ್ದಾರೆ. ಅದೂ ಒಂದಿಷ್ಟು ಕಾರಣವೇ. ಆದರೆ ಹೆಚ್ಚಿನ ಪಾಲು ಈ ನಿಯಮದ್ದು. ಕ್ಯಾಲಿಫೋರ್ನಿಯದಲ್ಲಿ ಲಕ್ಷಗಟ್ಟಲೆ ಅಂತರದಿಂದ ಗೆದ್ದರೂ ಬರುವುದು ಅಷ್ಟೇ ಎಲೆಕ್ಟರುಗಳು. 2000ದಲ್ಲಿ ಫ್ಲೋರಿಡವನ್ನು 537 ಮತಗಳಿಂದ ಗೆದ್ದ ಬುಷ್‌ಗೆ ಅಲ್ಲಿನ 25 ಎಲೆಕ್ಟರುಗಳೂ ದಕ್ಕಿ, ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದ ಅಲ್ ಗೋರ್ ಸೋತರು. 2016ರಲ್ಲಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದರು. ಎಲೆಕ್ಟೋರಲ್ ಮತಗಳಲ್ಲಿ ಟ್ರಂಪ್‌ಗೆ 304, ಅವರಿಗೆ 227. ಹಿಂದೆ 1824, 1876, 1888ರಲ್ಲೂ ಹೆಚ್ಚು ಮತ ಬಂದವರು ಅಧ್ಯಕ್ಷರಾಗಲಿಲ್ಲ.

ಇದೇ ರಾಶಿಯಲ್ಲಿ ಇನ್ನೆರಡನ್ನು ಸೇರಿಸಿ. ಪ್ರತಿನಿಧಿ ಸಭೆಯ 435 ಎನ್ನುವ ಸಂಖ್ಯೆ ಮಾಮೂಲು ಕಾಯ್ದೆಯದು. ನಾಳೆ ಇನ್ನೊಂದು ಕಾಯ್ದೆ ಮಾಡಿ ಹೆಚ್ಚಿಸಬಹುದು. ಸೆನೆಟ್‌ನಲ್ಲಿ ಚರ್ಚೆ ನಿಲ್ಲಿಸಲು 60 ಮತ ಬೇಕೆಂಬ ಫಿಲಿಬಸ್ಟರ್ ನಿಯಮ ಸದನ ತಾನೇ ಮಾಡಿಕೊಂಡದ್ದು. 1917ರಲ್ಲಿ ಮೂರನೇ ಎರಡು ಇತ್ತು, 1975ರಲ್ಲಿ ಐದನೇ ಮೂರಕ್ಕೆ ಇಳಿಯಿತು. ಇವನ್ನು ‘ಸಂಸ್ಥಾಪಕರ ವಿವೇಕ’ ಎಂದು ಹೊಗಳುವುದೂ ಬೈಯುವುದೂ ಎರಡೂ ತಪ್ಪು ವಿಳಾಸಕ್ಕೆ ಹೋಗುತ್ತವೆ.

ಕೋರ್ಟಿನ ವಿಷಯ ಬೇರೆ. ಕಾನೂನು ಸಂವಿಧಾನಕ್ಕೆ ವಿರುದ್ಧವಾದರೆ ನ್ಯಾಯಾಧೀಶರು ಅದನ್ನು ರದ್ದು ಮಾಡಬೇಕೆಂದು ಹ್ಯಾಮಿಲ್ಟನ್ ಫೆಡರಲಿಸ್ಟ್ 78ರಲ್ಲಿ ವಾದಿಸಿದ್ದ. 1803ರ ಮಾರ್ಬರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಅಧಿಕಾರ ತನ್ನದೆಂದು ಹೇಳಿಕೊಂಡಿತು. ಚುನಾವಣೆ ಎದುರಿಸದ, ಜೀವನಪರ್ಯಂತ ಹುದ್ದೆಯಲ್ಲಿರುವವರು ಜನ ಆರಿಸಿದ ಸಭೆಯ ಕಾನೂನನ್ನು ಕೆಡವುವುದು ಪ್ರಜಾಪ್ರಭುತ್ವಕ್ಕೆ ಒಗ್ಗುತ್ತದೆಯೇ ಎಂಬ ಜಗಳ ಅಂದಿನಿಂದಲೂ ಇದೆ. 1905ರಲ್ಲಿ ಬೇಕರಿ ಕೆಲಸಗಾರರಿಗೆ ವಾರಕ್ಕೆ 60 ಗಂಟೆಯ ಮಿತಿ ಹಾಕಿದ್ದ ನ್ಯೂಯಾರ್ಕಿನ ಕಾನೂನನ್ನು ಅದೇ ಕೋರ್ಟು ರದ್ದು ಮಾಡಿತ್ತು. ಈ ಜಗಳ ನಮ್ಮ ಸಂವಿಧಾನದವರೆಗೂ ಬಂದಿದೆ, ಅದೂ ನಮ್ಮ ದಕ್ಷಿಣ ಕನ್ನಡ ಮೂಲದವರೊಬ್ಬರ ಮೂಲಕ. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ 1947ರ ಕೊನೆಗೆ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಸಂವಿಧಾನದಲ್ಲಿ ‘ಡ್ಯೂ ಪ್ರೊಸೆಸ್’ (ನ್ಯಾಯೋಚಿತ ಕ್ರಮ) ಎಂದು ಬರೆದರೆ ಚುನಾಯಿತ ಸಭೆಗಿಂತ ಕೆಲವು ನ್ಯಾಯಾಧೀಶರ ಕೈ ಮೇಲಾಗುತ್ತದೆ ಎಂದು ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ಪ್ರಾಣ, ಸ್ವಾತಂತ್ರ್ಯದ ಹಕ್ಕಿನ ನಮ್ಮ 21ನೇ ವಿಧಿಯಲ್ಲಿ ಅದರ ಬದಲು ‘ಕಾನೂನು ಸ್ಥಾಪಿಸಿದ ಕಾರ್ಯವಿಧಾನ’ ಎಂದು ಬಂದದ್ದರ ಹಿಂದೆ ಈ ಸಲಹೆಯಿದೆ. 1978ರ ಮೇನಕಾ ಗಾಂಧಿ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟು, ಆ ಕಾರ್ಯವಿಧಾನ ನ್ಯಾಯಯುತವೂ ಆಗಿರಬೇಕೆಂದು ಹೇಳಿ, ಬಿಟ್ಟದ್ದನ್ನು ಹೆಚ್ಚುಕಡಿಮೆ ವಾಪಸು ತಂದಿತು.

ಇನ್ನು ಮೊಮ್ಮಗನ ಮೂರು ಮಾದರಿಗಳು. ಜನರೇ ನೇರವಾಗಿ ಪಾಲ್ಗೊಳ್ಳುವುದು ಒಂದು. ಗುಂಪುಗಳು ಪೈಪೋಟಿ ನಡೆಸಿ ನೀತಿ ರೂಪಿಸುವ ಬಹುತ್ವದ ಮಾದರಿ ಇನ್ನೊಂದು. ಹಣ, ಓದು, ಅನುಭವವಿರುವ ಕೆಲವರ ಕೈಯಲ್ಲಿ ತೀರ್ಮಾನವಿರುವ ಗಣ್ಯರ ಮಾದರಿ ಮೂರನೆಯದು. ಪರೀಕ್ಷೆಯ ಮಟ್ಟಿಗೆ ಬ್ರೂಟಸ್ ಮೊದಲನೆಯದಕ್ಕೆ ಹತ್ತಿರ, ಫೆಡರಲಿಸ್ಟ್ 10 ಎರಡನೆಯದಕ್ಕೆ, ಎಲೆಕ್ಟೋರಲ್ ಕಾಲೇಜು ಮತ್ತು 1913ಕ್ಕೆ ಮೊದಲು ರಾಜ್ಯಗಳ ಶಾಸಕರು ಆರಿಸುತ್ತಿದ್ದ ಸೆನೆಟ್ ಮೂರನೆಯದಕ್ಕೆ. ವಾಸ್ತವದಲ್ಲಿ ಒಂದೇ ಘಟನೆಯಲ್ಲಿ ಮೂರೂ ಇಣುಕುತ್ತವೆ. ಕ್ಯಾಲಿಫೋರ್ನಿಯದಲ್ಲಿ ಹಿಂದಿನ ಗವರ್ನರ್ ಚುನಾವಣೆಯ ಮತಗಳ ಶೇ 5ರಷ್ಟು ಸಹಿ ತಂದರೆ ಕಾನೂನೊಂದನ್ನು, ಶೇ 8 ತಂದರೆ ರಾಜ್ಯದ ಸಂವಿಧಾನದ ತಿದ್ದುಪಡಿಯನ್ನು ಜನಮತಕ್ಕೆ ಇಡಬಹುದು. ಇದಕ್ಕಿಂತ ನೇರವಾದ ಪ್ರಜಾಪ್ರಭುತ್ವ ಬೇಕೇ? ಆದರೆ ಸಹಿ ಸಂಗ್ರಹವೇ ಈಗ ಕೂಲಿ ಕೊಟ್ಟು ಮಾಡಿಸುವ ಉದ್ಯಮ. 2020ರ 22ನೇ ಪ್ರಸ್ತಾವದಲ್ಲಿ ಆ್ಯಪ್ ಆಧಾರಿತ ಚಾಲಕರನ್ನು ನೌಕರರೆಂದು ಪರಿಗಣಿಸದಂತೆ ಮಾಡಲು ಊಬರ್, ಲಿಫ್ಟ್ ಮುಂತಾದ ಕಂಪನಿಗಳು 20 ಕೋಟಿ ಡಾಲರಿಗೂ ಮೇಲೆ ಸುರಿದು ಗೆದ್ದವು. ಒಕ್ಕೂಟದ ಮಟ್ಟದಲ್ಲಿ ಇಂಥ ಜನಮತಕ್ಕೆ ಅವಕಾಶವೇ ಇಲ್ಲ.

ಬಹುತ್ವದ ಮಾದರಿಗೆ ಎದ್ದುಕಾಣುವ ಉದಾಹರಣೆ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಎಂಬ ಸಂಘಟನೆ. ಕಪ್ಪು ಜನರ ಹಕ್ಕಿನ ಮಸೂದೆಗಳನ್ನು ದಕ್ಷಿಣದ ಸೆನೆಟರುಗಳು ಫಿಲಿಬಸ್ಟರ್‌ನಿಂದ, ಅಂದರೆ ಚರ್ಚೆ ಮುಗಿಯಗೊಡದೆ, ತಡೆಯುತ್ತಿದ್ದಾಗ ಆ ಸಂಘಟನೆ ಕೋರ್ಟಿನ ಬಾಗಿಲು ತಟ್ಟಿ, 1954ರಲ್ಲಿ ಶಾಲೆಗಳ ವರ್ಣಭೇದವನ್ನು ಅಸಾಂವಿಧಾನಿಕ ಎನ್ನಿಸಿತು. ಒಂದು ಬಾಗಿಲು ಮುಚ್ಚಿದ್ದರೆ ಇನ್ನೊಂದು ತೆರೆದಿರುತ್ತದೆ. ಒಡೆದ ಅಧಿಕಾರದ ಲಾಭ ಅದು. ಆದರೆ ಎಲ್ಲ ಗುಂಪುಗಳಿಗೂ ತಟ್ಟುವ ಶಕ್ತಿ ಸಮನಾಗಿಲ್ಲ. ರಾಜ್ಯಶಾಸ್ತ್ರಜ್ಞರಾದ ಗಿಲೆನ್ಸ್ ಮತ್ತು ಪೇಜ್ 2014ರಲ್ಲಿ 1,779 ನೀತಿ ಪ್ರಶ್ನೆಗಳನ್ನು ಪರಿಶೀಲಿಸಿ, ಸಿರಿವಂತರು ಮತ್ತು ವ್ಯಾಪಾರಿ ಗುಂಪುಗಳ ಇಷ್ಟಕ್ಕೆ ಇರುವ ಪ್ರಭಾವ ಸಾಮಾನ್ಯರ ಇಷ್ಟಕ್ಕೆ ಇಲ್ಲ ಎಂದರು. ಬಹುಪಾಲು ಪ್ರಶ್ನೆಗಳಲ್ಲಿ ಸಿರಿವಂತರೂ ಮಧ್ಯಮವರ್ಗವೂ ಒಂದೇ ಅಭಿಪ್ರಾಯದವರು ಎಂಬ ಆಕ್ಷೇಪ ಅದಕ್ಕೆ ಬಂತು. ಹುಡುಗ ಎರಡನ್ನೂ ಹೇಳಿದರೆ ಉತ್ತರ ಗಟ್ಟಿಯಾಗುತ್ತದೆ.

‘ಒಪ್ಪಿಗೆ’ ಯಾರದು ಎಂಬ ಪ್ರಶ್ನೆಯನ್ನು ಬಿಡುವಂತಿಲ್ಲ. ಮನುಷ್ಯರೆಲ್ಲ ಸಮಾನರು ಎಂದು ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದ. ಸಂವಿಧಾನ ಮತದ ಹಕ್ಕನ್ನು ರಾಜ್ಯಗಳಿಗೆ ಬಿಟ್ಟಿತ್ತು, ರಾಜ್ಯಗಳು ಬಹುಪಾಲು ಆಸ್ತಿಯುಳ್ಳ ಬಿಳಿಯ ಗಂಡಸರಿಗೆ ಕೊಟ್ಟವು. ಕುತೂಹಲಕ್ಕೆ ಹೇಳುವುದಾದರೆ, ನಿಮ್ಮ ಮೊಮ್ಮಗನ ನ್ಯೂಜೆರ್ಸಿಯಲ್ಲಿ 50 ಪೌಂಡ್ ಆಸ್ತಿಯಿದ್ದ ಒಂಟಿ ಹೆಂಗಸರೂ ಸ್ವತಂತ್ರ ಕಪ್ಪು ಜನರೂ ಮತ ಹಾಕುತ್ತಿದ್ದರು. 1807ರಲ್ಲಿ ಅದನ್ನು ಕಿತ್ತುಕೊಂಡರು. 1870ರ 15ನೇ ತಿದ್ದುಪಡಿ ಜನಾಂಗದ ಕಾರಣಕ್ಕೆ ಮತ ನಿರಾಕರಿಸುವಂತಿಲ್ಲ ಎಂದಿತು, ಆದರೆ ದಕ್ಷಿಣದಲ್ಲಿ ಅಕ್ಷರ ಪರೀಕ್ಷೆ, ಮತ ತೆರಿಗೆಗಳ ಅಡ್ಡಗೋಡೆ ಒಡೆಯಲು 1965ರ ಮತದಾನ ಹಕ್ಕು ಕಾಯ್ದೆ ಬೇಕಾಯಿತು. ಹೆಂಗಸರಿಗೆ 1920, ಹದಿನೆಂಟು ತುಂಬಿದವರಿಗೆ 1971. ಭಾರತೀಯರು ಪೌರತ್ವಕ್ಕೇ ಅರ್ಹರಲ್ಲವೆಂದು 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತ್ತು. ಆ ಬಾಗಿಲು ತೆರೆದದ್ದು 1946ರ ಕಾಯ್ದೆಯಿಂದ.

ಪರೀಕ್ಷೆಯ ಬಗ್ಗೆ ಒಂದೆರಡು ಮಾತು. ಎಪಿ ಪಠ್ಯದಲ್ಲಿ ಕಡ್ಡಾಯವಾಗಿ ಓದಬೇಕಾದ ಮೂಲ ದಾಖಲೆಗಳು ಒಂಬತ್ತು. ವಾದ ಮಂಡಿಸುವ ಪ್ರಬಂಧದಲ್ಲಿ ಅವುಗಳಿಂದ ಸಾಕ್ಷ್ಯ ತರಬೇಕು, ಎದುರುವಾದಕ್ಕೂ ಉತ್ತರಿಸಬೇಕು. ದಾಖಲೆಯ ಹೆಸರು ಹೇಳಿ ಸುಮ್ಮನಾದರೆ ಅಂಕ ಬರುವುದಿಲ್ಲ. ಆ ದಾಖಲೆ ಏನು ಹೇಳುತ್ತದೆ, ಅದು ತನ್ನ ವಾದವನ್ನು ಹೇಗೆ ಹೊರುತ್ತದೆ ಎಂದು ಬರೆಯಬೇಕು. ಮೊದಲು ಸ್ವಾತಂತ್ರ್ಯ ಘೋಷಣೆಯನ್ನು ಒಂದೇ ಕೂತಿನಲ್ಲಿ ಓದಲಿ, ಚಿಕ್ಕದು. ಆಮೇಲೆ ಬ್ರೂಟಸ್, ನಂತರ ಫೆಡರಲಿಸ್ಟ್ 10. ಈ ಕ್ರಮದಲ್ಲಿ ಓದಿದರೆ ಮ್ಯಾಡಿಸನ್ ಯಾವ ಆಕ್ಷೇಪಕ್ಕೆ ಉತ್ತರಿಸುತ್ತಿದ್ದಾನೆಂದು ತಾನಾಗಿ ಹೊಳೆಯುತ್ತದೆ. ಕೊನೆಗೆ ಸಂವಿಧಾನದ ಎರಡನೇ ವಿಧಿಯ ಮೊದಲ ಸೆಕ್ಷನ್ ತೆರೆದು, ‘ಗೆದ್ದವರಿಗೆ ಎಲ್ಲವೂ’ ಎನ್ನುವ ನಿಯಮ ಎಲ್ಲಿದೆ ತೋರಿಸು ಎಂದು ಕೇಳಿ.